ವೆರ್ಡನ್ ಮತ್ತು ನಮ್ಮ ‘ಆಗು’



ನಮ್ಮ ಕರಾವಳಿಯ ಮನೆಗಳ ಜಗಲಿಯಲ್ಲಿ ಕೆಲವು ವರ್ಷಗಳಿಂದ ಹೊಸದೊಂದು ಬಾಯಿಪಾಠ ಕೇಳಿಬರುತ್ತಿದೆ. ಹಿಂದೆ ದೀಪ ಹೊತ್ತಿಸುವ ಹೊತ್ತಿಗೆ ಮಗ್ಗಿಯೂ ಕಂಠಪಾಠದ ವಚನಗಳೂ ಕೇಳಿಸುತ್ತಿದ್ದ ಕಡೆಯಲ್ಲಿ ಈಗ ಜರ್ಮನ್ ಕ್ರಿಯಾಪದಗಳ ರೂಪಗಳನ್ನು ಒಪ್ಪಿಸುವ ಸ್ವರ ಕೇಳಿಸುತ್ತದೆ. ನರ್ಸಿಂಗ್ ಓದಿದ ನಮ್ಮ ಹೆಣ್ಣುಮಕ್ಕಳು, ಅಲ್ಲೊಬ್ಬ ಇಲ್ಲೊಬ್ಬ ಗಂಡುಮಕ್ಕಳು ಸಹ, ಜರ್ಮನಿಯ ಆಸ್ಪತ್ರೆಗಳಿಗೂ ವೃದ್ಧರ ಆರೈಕೆಯ ಮನೆಗಳಿಗೂ ಹೊರಟಿದ್ದಾರೆ. ಪರದೇಶದ ಕುಶಲ ಕೆಲಸಗಾರರಿಗೆ ಬಾಗಿಲನ್ನು ಅಗಲಿಸುವ ಕಾನೂನು ಆ ದೇಶದಲ್ಲಿ 2020ರ ಮಾರ್ಚ್ ತಿಂಗಳಲ್ಲಿ ಜಾರಿಗೆ ಬಂದಿತು. ಬಾಗಿಲು ಅಗಲವಾದರೂ ಹೊಸ್ತಿಲು ಎತ್ತರವಾಗಿಯೇ ಉಳಿದಿದೆ; ಆ ಹೊಸ್ತಿಲೇ ಭಾಷೆ. ಎ1 ಎಂಬ ಮೊದಲ ಮೆಟ್ಟಿಲಿನಿಂದ ಬಿ2 ಎಂಬ ನಾಲ್ಕನೆಯ ಮೆಟ್ಟಿಲಿನವರೆಗೆ ಏರಬೇಕು. ಬಹುಶಃ ನಿಮ್ಮ ಮನೆಯಲ್ಲೂ, ನಿಮ್ಮ ಸಭೆಯಲ್ಲೂ ಹೀಗೆ ಏರುತ್ತಿರುವವರು ಒಬ್ಬರಾದರೂ ಇರಬಹುದು.

ನಾನು ಗುಲ್ವಾಡಿಯವನು. ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾಗಿದ್ದೇನೆ. ಜರ್ಮನ್ ಭಾಷೆಯನ್ನು ಶಾಲೆಯಲ್ಲಿ ಕಲಿತವನಲ್ಲ. ತೀರಿಹೋದ ನನ್ನ ತಮ್ಮನ ಮಗಳು ಆ ಭಾಷೆಯನ್ನು ಕಲಿಯಲು ಕುಳಿತಾಗ, “ದೊಡ್ಡಪ್ಪ, ಪುಸ್ತಕ ಹಿಡಿದು ಕೇಳಿ, ನಾನು ಹೇಳುತ್ತೇನೆ” ಎಂದು ನನ್ನ ಕೈಗೆ ಪುಸ್ತಕ ಕೊಟ್ಟಳು. ಎರಡು ವರ್ಷ ಹೀಗೆ ಪುಸ್ತಕ ಹಿಡಿದು ಕುಳಿತುದರಿಂದ ನನಗೂ ಅಷ್ಟಿಷ್ಟು ಅಂಟಿತು. ಅದರಲ್ಲಿ ಒಂದು ಕ್ರಿಯಾಪದವನ್ನು ಕುರಿತು ಮಾತ್ರ ಇಲ್ಲಿ ಬರೆಯಲು ಬಯಸುತ್ತೇನೆ. ಅದು ‘ವೆರ್ಡನ್’. ಸ್ಥೂಲವಾಗಿ ಹೇಳುವುದಾದರೆ, ನಮ್ಮ ‘ಆಗು’.

ಮೊದಲು ಅದರ ರೂಪಗಳನ್ನು ನೋಡೋಣ. ‘ಇಷ್ ವೆರ್ಡೆ’ ಎಂದರೆ ನಾನು ಆಗುತ್ತೇನೆ. ‘ಡು ವಿರ್ಸ್ಟ್’, ನೀನು ಆಗುತ್ತೀ. ‘ಎರ್ ವಿರ್ಟ್’, ಅವನು ಆಗುತ್ತಾನೆ. ಬರೆಯುವಾಗ ಕೊನೆಯಲ್ಲಿ ಡಕಾರ, ಉಚ್ಚರಿಸುವಾಗ ಟಕಾರ. ಬಹುವಚನದಲ್ಲಿ ‘ವೀರ್ ವೆರ್ಡನ್’, ‘ಈರ್ ವೆರ್ಡೆಟ್’, ‘ಜೀ ವೆರ್ಡನ್’. ನಾನು ಎಂಬಲ್ಲಿ ಎಕಾರವಿದ್ದ ಧಾತು, ನೀನು ಮತ್ತು ಅವನು ಎಂಬಲ್ಲಿ ಇಕಾರಕ್ಕೆ ಹೊರಳುತ್ತದೆ. ಮಧ್ಯಮಪುರುಷದಲ್ಲಿ ಡಕಾರವೇ ಮಾಯ. ಕಲಿಯುವವರು ಎಡವುವುದು ಇಲ್ಲಿಯೇ. ನಮ್ಮ ಹುಡುಗಿ ‘ಡು ವೆರ್ಡೆಸ್ಟ್’ ಎಂದು ಹೇಳುವುದನ್ನು ಬಿಡಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ‘ಆಗು’ ಎಂಬ ಧಾತುವಿನ ಭೂತಕಾಲ ‘ಆಗಿದೆನು’ ಎಂದಾಗದೆ ‘ಆದೆನು’ ಎಂದೇಕಾಗುತ್ತದೆ, ‘ಆಯಿತು’ ಎಂಬಲ್ಲಿ ಗಕಾರ ಎಲ್ಲಿ ಹೋಯಿತು ಎಂದು ಕೇಳಿದ ಮಕ್ಕಳಿಗೆ ನಾನು ಉತ್ತರ ಹೇಳುತ್ತಾ ಬಂದವನಲ್ಲವೇ? ಜನರ ಬಾಯಲ್ಲಿ ಹೆಚ್ಚು ಸುಳಿದಾಡುವ ಶಬ್ದಗಳೇ ಹೆಚ್ಚು ಸವೆಯುತ್ತವೆ. ದಿನಕ್ಕೊಮ್ಮೆಯಾದರೂ ನುಡಿಯದ ಶಬ್ದಗಳಷ್ಟೇ ನಿಯಮಕ್ಕೆ ತಪ್ಪದೆ ನಡೆದುಕೊಳ್ಳುತ್ತವೆ.

ಈ ವೆರ್ಡನ್ ಎಲ್ಲಿಂದ ಬಂದಿತು? ಭಾಷಾಶಾಸ್ತ್ರಜ್ಞರು ಹೇಳುವಂತೆ ಅದರ ಮೂಲದ ಅರ್ಥ ‘ಆಗು’ ಅಲ್ಲ, ‘ತಿರುಗು’, ‘ಹೊರಳು’. ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವುದು, ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಹೊರಳುವುದು. ಹಾಗೆ ಹೊರಳಿದ್ದೇ ಆಗುವುದು. ಇದೇ ಮೂಲದಿಂದ ಲ್ಯಾಟಿನ್ನಿನಲ್ಲಿ ತಿರುಗಿಸು ಎಂಬ ಅರ್ಥದ ‘ವೆರ್ಟೆರೆ’ ಬಂದಿತು. ಸಂಸ್ಕೃತದಲ್ಲಿ ‘ವೃತ್’ ಧಾತು, ‘ವರ್ತತೇ’ ಎಂಬ ರೂಪ ಬಂದಿತು. ಸಂಸ್ಕೃತದ ತಕಾರ ಜರ್ಮನ್ನಿನಲ್ಲಿ ಸಾಮಾನ್ಯವಾಗಿ ಡಕಾರವಾಗಿ ಕಾಣಿಸಿಕೊಳ್ಳುತ್ತದೆ. ‘ತ್ರಿ’ ಅಲ್ಲಿ ‘ಡ್ರೈ’. ‘ತೃಷ್ಣೆ’ ಅಲ್ಲಿ ಬಾಯಾರಿಕೆ ಎಂಬ ಅರ್ಥದ ‘ಡುರ್ಸ್ಟ್’. ‘ತೃಣ’ ಅಲ್ಲಿ ಮುಳ್ಳು ಎಂಬ ಅರ್ಥದ ‘ಡೋರ್ನ್’. ಆದುದರಿಂದ ‘ವರ್ತ್’ ಅಲ್ಲಿ ‘ವೆರ್ಡ್’ ಆದುದು ಅಕಸ್ಮಾತ್ತಲ್ಲ. ಹಳೆಯ ಇಂಗ್ಲಿಷಿನಲ್ಲಿಯೂ ಇದರ ಒಡಹುಟ್ಟಿದ ‘ವೆಯೊರ್ಥಾನ್’ ಎಂಬ ಕ್ರಿಯಾಪದವಿತ್ತು. ಅದು ಕಾಲಕ್ರಮದಲ್ಲಿ ಸತ್ತುಹೋಯಿತು. ವಿಧಿ ಎಂಬ ಅರ್ಥವಿದ್ದ ಅದರ ಒಂದು ಕುಡಿ ಮಾತ್ರ ಇಂದು ‘ವಿಯರ್ಡ್’ ಎಂಬ ವೇಷದಲ್ಲಿ, ವಿಚಿತ್ರ ಎಂಬ ಅರ್ಥದಲ್ಲಿ, ನಮ್ಮ ಕಾಲೇಜು ಮಕ್ಕಳ ಬಾಯಲ್ಲಿ ತಿರುಗಾಡುತ್ತಿದೆ.

ಈಗ ನಮ್ಮ ಮನೆಯೊಳಗೆ ಒಮ್ಮೆ ಕಣ್ಣಾಡಿಸಿರಿ. ವೃತ್ ಧಾತುವಿನ ಮಕ್ಕಳು ಎಷ್ಟು ಮಂದಿ ನಮ್ಮ ನಡುವೆ ಇದ್ದಾರೆ! ವೃತ್ತ, ವರ್ತುಲ, ವರ್ತನೆ, ಪರಿವರ್ತನೆ, ಆವೃತ್ತಿ, ವೃತ್ತಾಂತ. ನಾನು ಮೂವತ್ತೆರಡು ವರ್ಷ ಮಾಡಿದ ವೃತ್ತಿ ಅದೇ, ಅದರಿಂದ ನನಗೆ ದೊರೆತ ನಿವೃತ್ತಿಯೂ ಅದೇ. ಹೊಳೆಯಾಚೆ ಬಸ್ರೂರಿನಲ್ಲಿ ಒಂದು ಕಾಲದಲ್ಲಿ ಅರಬರ, ಪೋರ್ಚುಗೀಸರ ಹಡಗುಗಳಿಗೆ ಅಕ್ಕಿ ಮಾರುತ್ತಿದ್ದ ವರ್ತಕರೂ ಅದೇ ಕುಲದವರು. ಎದುರಾದವರನ್ನು “ಏನು ವರ್ತಮಾನ?” ಎಂದು ಕೇಳುತ್ತೇವೆ, ನಡೆಯುತ್ತಿರುವುದು, ತಿರುಗುತ್ತಿರುವುದು ಎಂದು ಅದರ ಅರ್ಥ. ವಾರ್ತೆ ಅದರ ತಂಗಿ. ಹಾಗಿದ್ದ ಮೇಲೆ ನಾವು ಪ್ರತಿ ಭಾನುವಾರ ತೆರೆದು ಓದುವ ಸುವಾರ್ತೆಯೂ ವೆರ್ಡನ್ನಿನ ನೆಂಟಸ್ತಿಕೆಯೊಳಗೆ ಸೇರಿದ ಪದವೇ. ಇನ್ನೂ ಒಂದು ಇದೆ. ಹೊಸೆದು ತಿರುಗಿಸಿದ್ದು ‘ವರ್ತಿ’. ಅದರ ತದ್ಭವ ‘ಬತ್ತಿ’. ಕ್ರಿಸ್ಮಸ್ ರಾತ್ರಿ ಮಕ್ಕಳ ಕೈಗೆ ಕೊಡುವ ಮೇಣದ ಬತ್ತಿ ಹೀಗೆ ಜರ್ಮನ್ ವ್ಯಾಕರಣಕ್ಕೆ ದೂರದ ಸಂಬಂಧಿ.

ಈ ನಂಟನ್ನು ಶಾಸ್ತ್ರವಾಗಿ ತೋರಿಸಿಕೊಟ್ಟದ್ದೂ ಕ್ರಿಯಾಪದಗಳ ಮೂಲಕವೇ. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಹೇಳಿದ್ದರು. ಆದರೆ 1816ರಲ್ಲಿ ಫ್ರಾಂಜ್ ಬಾಪ್ ಎಂಬ ಇಪ್ಪತ್ತೈದರ ಜರ್ಮನ್ ಯುವಕ, ಸಂಸ್ಕೃತದ ಆಖ್ಯಾತರೂಪಗಳನ್ನು ಗ್ರೀಕ್, ಲ್ಯಾಟಿನ್, ಪರ್ಷಿಯನ್ ಮತ್ತು ಜರ್ಮನಿಕ್ ಭಾಷೆಗಳ ರೂಪಗಳೊಡನೆ ಸಾಲಾಗಿ ಇಟ್ಟು ಹೋಲಿಸಿ ಗ್ರಂಥವೊಂದನ್ನು ಪ್ರಕಟಿಸಿದನು. ತೌಲನಿಕ ಭಾಷಾಶಾಸ್ತ್ರ ಅಲ್ಲಿಂದ ಮೊದಲಾಯಿತೆಂದು ಹೇಳುವುದುಂಟು. ಅದೇ 1816ರಲ್ಲಿ ಮದರಾಸಿನಲ್ಲಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬ ಅಧಿಕಾರಿ ತೆಲುಗು ವ್ಯಾಕರಣವೊಂದಕ್ಕೆ ಬರೆದ ಟಿಪ್ಪಣಿಯಲ್ಲಿ ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಬೇರೆ ಮನೆತನ ಎಂದು ತೋರಿಸಿದರು. ಒಂದೇ ವರ್ಷ, ಎರಡು ಊರುಗಳು. ಇವೆರಡನ್ನೂ ಒಟ್ಟಿಗೆ ಓದಿದರೆ ನಮ್ಮ ಸ್ಥಿತಿ ತಿಳಿಯುತ್ತದೆ. ‘ವರ್ತಿಸು’ ಎಂಬುದು ನಮ್ಮ ಮನೆಗೆ ಬಂದ ಸೊಸೆ. ಅವಳ ತವರಿನ ಕಡೆಯಿಂದ ಜರ್ಮನರು ನಮಗೆ ಬೀಗರು. ‘ಆಗು’ ಎಂಬುದಾದರೋ ಮನೆಯಲ್ಲಿಯೇ ಹುಟ್ಟಿದ ಮಗಳು. ಅವಳಿಗೂ ವೆರ್ಡನ್ನಿಗೂ ರಕ್ತಸಂಬಂಧವಿಲ್ಲ.

ರಕ್ತಸಂಬಂಧವಿಲ್ಲದಿದ್ದರೂ ಗುಣದಲ್ಲಿ ಎಷ್ಟೊಂದು ಹೋಲಿಕೆ! ಕತ್ತಲಾಗುತ್ತದೆ ಎಂದು ನಾವು ಹೇಳುವಲ್ಲಿ ಅವರು ವೆರ್ಡನ್ ಬಳಸುತ್ತಾರೆ. ಚಳಿಯಾಗುತ್ತದೆ ಎಂಬಲ್ಲಿಯೂ ಅದೇ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು “ದೊಡ್ಡವಳಾದ ಮೇಲೆ ಏನಾಗುತ್ತೀ?” ಎಂದು ಕೇಳುವಾಗ ಅವರ ನಾಲಗೆಯ ಮೇಲೂ ಅದೇ ಕ್ರಿಯಾಪದ. ಅಜ್ಜಿಗೆ ಎಂಬತ್ತೇಳು ವರ್ಷ ಆಗುತ್ತದೆ ಎನ್ನುವಾಗಲೂ ಅದೇ. ಇಂಗ್ಲಿಷನ್ನು ನಡುವೆ ತಾರದೆ ನೇರವಾಗಿ ಕನ್ನಡದಿಂದ ಹೋದರೆ ವೆರ್ಡನ್ನಿನ ಅರ್ಧ ಭಾಗ ತಾನಾಗಿಯೇ ಕೈಗೆ ಸಿಗುತ್ತದೆ ಎಂದು ನಾನು ನಮ್ಮ ಹುಡುಗಿಗೆ ಹೇಳಿಕೊಟ್ಟೆ. ತರಗತಿಯಲ್ಲಿ ಅವಳು ಕಲಿಯುತ್ತಿದ್ದುದು ಇಂಗ್ಲಿಷಿನ ಮೂಲಕ, ಅದು ಸುತ್ತುದಾರಿ.

ಭೂತಕಾಲದ ಕಥೆ ಇನ್ನೂ ರುಚಿಕರವಾಗಿದೆ. ಇಂದು ‘ನಾನು ಆದೆನು’ ಎಂಬುದಕ್ಕೆ ಜರ್ಮನರು ‘ಇಷ್ ವುರ್ಡೆ’ ಎನ್ನುತ್ತಾರೆ. ಹಿಂದೆ ಹಾಗಿರಲಿಲ್ಲ. ಏಕವಚನದಲ್ಲಿ ಅಕಾರವಿದ್ದ ‘ವಾರ್ಟ್’, ಬಹುವಚನದಲ್ಲಿ ಉಕಾರವಿದ್ದ ‘ವುರ್ಡನ್’. ನಾನು ಆದುದಕ್ಕೆ ಒಂದು ಸ್ವರ, ನಾವು ಆದುದಕ್ಕೆ ಬೇರೊಂದು ಸ್ವರ. ಶತಮಾನಗಳ ಬಳಕೆಯಲ್ಲಿ ಏಕವಚನವು ತನ್ನ ಸ್ವರವನ್ನು ಬಿಟ್ಟುಕೊಟ್ಟು ಬಹುವಚನದ ಸ್ವರವನ್ನು ತೆಗೆದುಕೊಂಡಿತು. ಹೀಗೆ ಹುಟ್ಟಿದ್ದು ‘ವುರ್ಡೆ’. ಹಳೆಯ ‘ವಾರ್ಟ್’ ದಿನಬಳಕೆಯಿಂದ ಮರೆಯಾದರೂ ಒಂದು ಕಡೆ ಇಂದಿಗೂ ಗಟ್ಟಿಯಾಗಿ ಉಳಿದಿದೆ, ಮತ್ತು ಅದು ನಮಗೆ ಪರಿಚಿತವಾದ ಜಾಗ. ಮಾರ್ಟಿನ್ ಲೂಥರರು 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಸಮಗ್ರ ಬೈಬಲನ್ನೂ ಜರ್ಮನ್ನಿನಲ್ಲಿ ಹೊರತಂದರು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಬೆಳಕು ಉಂಟಾದ ಕಡೆ, ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ವಾಕ್ಯವು ಮನುಷ್ಯರೂಪ ತಾಳಿದ ಕಡೆ, ಅವರು ಬಳಸಿದ್ದು ಈ ‘ವಾರ್ಟ್’. 2017ರ ಪರಿಷ್ಕೃತ ಲೂಥರ್ ಬೈಬಲಿನಲ್ಲಿಯೂ ಆ ಎರಡು ಸ್ಥಳಗಳಲ್ಲಿ ಅದನ್ನು ಬದಲಿಸಿಲ್ಲ. ಹಳಗನ್ನಡದ ಒಂದು ರೂಪವನ್ನು ಪ್ರಾರ್ಥನೆಗಾಗಿ ಮಾತ್ರ ಎತ್ತಿಟ್ಟುಕೊಂಡಂತೆ ಇದು. ಬೆಳಕಿಗೆ ಅಪ್ಪಣೆ ಕೊಡುವ ಮಾತಿನಲ್ಲಿ ಇರುವುದು ‘ವೆರ್ಡೆ’ ಎಂಬ ರೂಪ. ಕನ್ನಡದಲ್ಲಿ ಅದು ‘ಆಗಲಿ’.

ಓದುಗರೇ, ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪಾಠ ತಿರುಗುಮುರುಗಾಗಿ ನಡೆದಿತ್ತು. ಅಂದು ಜರ್ಮನ್ ಮಾತಾಡುವವರು ನಮ್ಮ ನೆಲದಲ್ಲಿ ಕುಳಿತು ‘ಆಗುತ್ತೇನೆ, ಆಗುತ್ತೀ, ಆಗುತ್ತಾನೆ’ ಎಂದು ಬಾಯಿಪಾಠ ಮಾಡಿದ್ದರು. ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಏಳೇ ವರ್ಷಗಳಲ್ಲಿ, 1843ರ ಜುಲೈ 1ರಂದು, ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸುವಷ್ಟು ಕನ್ನಡಿಗರಾದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಮುಗಿಸಿಕೊಟ್ಟರು, 1903ರಲ್ಲಿ, ತೀರಿಕೊಂಡ ವರ್ಷದಲ್ಲಿಯೇ, ಅವರ ಕನ್ನಡ ವ್ಯಾಕರಣವೂ ಅಚ್ಚಾಯಿತು. ಜರ್ಮನ್ ತಾಯ್ನುಡಿಯವರೊಬ್ಬರು ಕನ್ನಡದ ಪ್ರತಿಯೊಂದು ಶಬ್ದಕ್ಕೂ ಅರ್ಥ ಕೊಟ್ಟದ್ದು ಇಂಗ್ಲಿಷಿನಲ್ಲಿ. ‘ಆಗು’ ಎಂಬ ನಮೂದಿಗೆ ಅವರು ಬಂದಾಗ ಮನಸ್ಸಿನಲ್ಲಿ ಮೊದಲು ಸುಳಿದದ್ದು ವೆರ್ಡನ್ ಆಗಿರಬೇಕು ಎಂದು ನಾನು ಊಹಿಸುತ್ತೇನೆ. 1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಷನರಿಗಳು ಈ ಕರಾವಳಿಯನ್ನು ಬಿಟ್ಟು ಹೊರಡಬೇಕಾಯಿತು. ಹಂಚಿನ ಕಾರ್ಖಾನೆ, ಮುದ್ರಣಾಲಯ, ಶಾಲೆಗಳು ಉಳಿದವು. ಅವರ ಭಾಷೆ ಮಾತ್ರ ಇಲ್ಲಿ ಉಳಿಯಲಿಲ್ಲ.

ನಮ್ಮ ಊರಿನ ಹೆಸರು ಕನ್ನಡ ಸಾಹಿತ್ಯದಲ್ಲಿ ಉಳಿದಿರುವುದೂ ಆ ಮುದ್ರಣಾಲಯದ ಮೂಲಕವೇ. ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಗುಲ್ವಾಡಿ ವೆಂಕಟರಾಯರು ಪೊಲೀಸು ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವರು. ಅವರ ‘ಇಂದಿರಾಬಾಯಿ’, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಕೃತಿ, 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಎಳೆಯ ವಯಸ್ಸಿನಲ್ಲಿ ವಿಧವೆಯಾದ ಹುಡುಗಿಯೊಬ್ಬಳು ಓದು ಕಲಿತು, ಮರುಮದುವೆಯಾಗಿ, ಬೇರೆಯದೇ ಒಬ್ಬ ಹೆಂಗಸಾಗುವ ಕಥೆ ಅದು. ನೂರಾ ಇಪ್ಪತ್ತು ವರ್ಷಗಳ ಮೇಲಾಯಿತು. ಓದಿದ ಹೆಣ್ಣುಮಗಳು ಮನೆಯ ಹೊರಗೆ ಕಾಲಿಟ್ಟರೆ ಮನೆಯ ಗತಿ ಏನು ಎಂದು ಅಂದಿನವರು ಅಂಜಿದ್ದರು. ಆ ಅಂಜಿಕೆ ನನ್ನ ಮನೆಯಲ್ಲಿ ಬೇರೊಂದು ರೂಪದಲ್ಲಿ ಬಂದು ಕುಳಿತಿತು. ಅದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ನಮ್ಮ ‘ಆಗು’ವಿನ ವಿಚಾರ ಎರಡು ಮಾತು. ಹಳಗನ್ನಡದಲ್ಲಿ ಇದರ ಭವಿಷ್ಯದ್ರೂಪ ‘ಅಪ್ಪುದು’. ಅದು ‘ಅಹುದು’ ಆಗಿ, ಸವೆದು ‘ಹೌದು’ ಆಯಿತು. ಎಂದರೆ, ನಾವು ಒಪ್ಪಿಗೆಗಾಗಿ ನುಡಿಯುವ ಶಬ್ದವೇ ‘ಆಗುತ್ತದೆ’ ಎಂಬ ಭರವಸೆ. ಹವ್ಯಕ ಸೋದರರು ಇಂದಿಗೂ ‘ಅಪ್ಪು’ ಎಂದೇ ಹೇಳುತ್ತಾರೆ. ನಮ್ಮ ಕುಂದಾಪುರದ ಕನ್ನಡದಲ್ಲಿ ‘ಹೋಪುದ್’, ‘ಬಪ್ಪುದ್’, ‘ಆಪುದ್’ ಎನ್ನುವಾಗ ನಾಲಗೆಯ ಮೇಲೆ ಬರುವ ಆ ಪಕಾರ ‘ಪೋಪುದು’, ‘ಬರ್ಪುದು’, ‘ಅಪ್ಪುದು’ ಎಂಬ ಹಳಗನ್ನಡದ್ದೇ. ಈ ಮಾತನ್ನು ಅಶುದ್ಧವೆಂದು ತಿದ್ದುವ ಮೇಷ್ಟರುಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಲೂಥರರ ‘ವಾರ್ಟ್’ ಪುಸ್ತಕದಲ್ಲಿ ಉಳಿದಿದೆ. ನಮ್ಮ ‘ಆಪುದ್’ ಮೀನು ಮಾರುವವರ ಬಾಯಲ್ಲಿಯೂ ಗದ್ದೆಯ ನೇಜಿಯಲ್ಲಿಯೂ ಉಳಿದಿದೆ. ಹೀಬ್ರೂ ಭಾಷೆಯ ‘ಆಮೆನ್’ ಪದವನ್ನು ಹಳೆಯ ಗ್ರೀಕ್ ಅನುವಾದಕರು ಕೀರ್ತನೆಗಳಲ್ಲಿ ‘ಆಗಲಿ’ ಎಂಬ ಅರ್ಥದ ‘ಗೆನೊಯಿಟೊ’ ಎಂದು ಅನುವಾದಿಸಿದ್ದನ್ನೂ ಇಲ್ಲಿ ನೆನೆಯಬಹುದು.

ಇನ್ನು ವೆರ್ಡನ್ನಿನ ಕಷ್ಟದ ಭಾಗ. ಅದು ‘ಆಗು’ ಎಂಬ ಒಂದೇ ಕೆಲಸ ಮಾಡುವುದಿಲ್ಲ. ಮಧ್ಯಯುಗದ ಕೊನೆಯ ಶತಮಾನಗಳಲ್ಲಿ ಅದು ಭವಿಷ್ಯತ್ಕಾಲದ ಸಹಾಯಕ ಕ್ರಿಯಾಪದವಾಯಿತು. ಕರ್ಮಣಿಪ್ರಯೋಗದ ಭಾರವನ್ನು ಅದಕ್ಕೂ ಹಿಂದಿನಿಂದ ಹೊತ್ತುಕೊಂಡು ಬಂದಿದೆ. ಹೀಗೆ ಒಂದೇ ಎತ್ತು ಮೂರು ಗದ್ದೆ ಉಳುತ್ತದೆ. ಅಲ್ಲಿ ಆರೈಕೆ ಮಾಡುವುದಕ್ಕೆ ‘ಫ್ಲೇಗನ್’ ಎನ್ನುತ್ತಾರೆ. ನಮ್ಮ ಹುಡುಗಿ ಅಭ್ಯಾಸ ಪುಸ್ತಕದಲ್ಲಿ ಮೂರು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದಿದ್ದಳು. ‘ಇಷ್ ವೆರ್ಡೆ ಫ್ಲೇಗೆಫಾಖ್‌ಫ್ರಾವ್’: ನಾನು ದಾದಿಯಾಗುತ್ತೇನೆ. (2020ರಿಂದ ಅಲ್ಲಿ ಈ ವೃತ್ತಿಗೆ ಇರುವ ಹೆಸರು ಅದು, ಹಳೆಯ ಹೆಸರಿನಲ್ಲಿ ಸೋದರಿ ಎಂಬ ಅರ್ಥದ ‘ಶ್ವೆಸ್ಟರ್’ ಇತ್ತು, ನಾವು ಇಲ್ಲಿ ಸಿಸ್ಟರ್ ಎನ್ನುವಂತೆ.) ‘ಇಷ್ ವೆರ್ಡೆ ಫ್ಲೇಗನ್’: ನಾನು ಆರೈಕೆ ಮಾಡುವೆನು. ‘ಇಷ್ ವೆರ್ಡೆ ಗೆಫ್ಲೇಕ್ಟ್’: ನನಗೆ ಆರೈಕೆ ನಡೆಯುತ್ತದೆ. ಮೊದಲಿನ ಎರಡು ಪದಗಳು ಮೂರರಲ್ಲಿಯೂ ಒಂದೇ. ಕೊನೆಯ ಪದ ಕಿವಿಗೆ ಬೀಳುವವರೆಗೆ, ಮಾತಾಡುತ್ತಿರುವವಳು ಕಲಿಯುವವಳೋ, ಸೇವೆ ಮಾಡುವವಳೋ, ಹಾಸಿಗೆ ಹಿಡಿದವಳೋ ತಿಳಿಯುವುದಿಲ್ಲ.

ಮೂರನೆಯ ವಾಕ್ಯವನ್ನು ಕನ್ನಡಕ್ಕೆ ತರಲು ನಾವಿಬ್ಬರೂ ಆ ಸಂಜೆ ಒದ್ದಾಡಿದೆವು. ‘ನಾನು ಆರೈಕೆ ಮಾಡಲ್ಪಡುತ್ತೇನೆ’ ಎಂದರೆ ವ್ಯಾಕರಣ ಒಪ್ಪೀತು, ಕಿವಿ ಒಪ್ಪದು. ನಮ್ಮ ಭಾಷೆಯಲ್ಲಿ ಕರ್ಮಣಿಪ್ರಯೋಗಕ್ಕೆ ಇರುವುದು ‘ಪಡು’. ಕಷ್ಟಪಡು, ಪಾಡುಪಡು ಎಂಬಲ್ಲಿ ಇರುವ ಅದೇ ಪಡು. ಅನುಭವಿಸು, ಮೈಮೇಲೆ ಬಂದದ್ದನ್ನು ತಾಳಿಕೊ ಎಂದು ಅರ್ಥ. ಕರ್ತನ ಪ್ರಾರ್ಥನೆಯ ನಮ್ಮ ಹಳೆಯ ಅನುವಾದದಲ್ಲಿ ‘ಎಣಿಸಲ್ಪಡಲಿ’ ಎಂದು ಬರುತ್ತದಲ್ಲ, ಅಲ್ಲಿ ಜರ್ಮನರು ‘ವೆರ್ಡೆ’ ಎನ್ನುತ್ತಾರೆ. ದೇವಾಲಯದಲ್ಲಿ, ಸರ್ಕಾರಿ ಕಾಗದಗಳಲ್ಲಿ ಬಿಟ್ಟರೆ ಅಲ್ಪಡುವನ್ನು ಯಾರೂ ಆಡುವುದಿಲ್ಲ. ಮನೆಯಲ್ಲಿ ನಾವು ಹೇಳುವುದು “ಮಗ ನೋಡಿಕೊಳ್ಳುತ್ತಾನೆ”, “ಸೊಸೆ ನೋಡಿಕೊಳ್ಳುತ್ತಾಳೆ” ಎಂದೇ. ಕನ್ನಡ ಕರ್ತೃಪದವನ್ನು ಕೇಳುತ್ತದೆ. ಜರ್ಮನ್ ವಾಕ್ಯಕ್ಕೆ ಅದು ಬೇಕಾಗಿಲ್ಲ. ‘ಅವಳಿಗೆ ಆರೈಕೆ ನಡೆಯುತ್ತದೆ’ ಎಂದು ಹೇಳಿ, ಯಾರಿಂದ ಎಂಬುದನ್ನು ನುಡಿಯದೆಯೇ ಪೂರ್ಣವಿರಾಮ ಹಾಕಬಹುದು. ಅದು ಆ ಭಾಷೆಯ ದೋಷವೆಂದು ನಾನು ಹೇಳುತ್ತಿಲ್ಲ. ಮಕ್ಕಳು ದೂರದ ಊರುಗಳಲ್ಲಿರುವ ಒಬ್ಬ ಮುದುಕಿಗೆ, ಯಾರ ಹೆಸರನ್ನೂ ಹೇಳುವ ಅಗತ್ಯವಿಲ್ಲದೆ ಆರೈಕೆ ದೊರೆಯುವುದು ಒಂದು ದೊಡ್ಡ ವ್ಯವಸ್ಥೆಯೇ ಸರಿ. ನಮ್ಮ ಮಕ್ಕಳು ಅಲ್ಲಿಗೆ ಹೋಗುವುದು ಆ ವಾಕ್ಯದಲ್ಲಿ ಹೇಳದೆ ಬಿಟ್ಟ ಕರ್ತೃಪದವಾಗಿಯೇ ಎಂದು ಮಾತ್ರ ನನಗೆ ತೋಚಿತು.

ಈಗ ನಮ್ಮ ಮನೆಯ ವಿಚಾರ. ನನ್ನ ತಾಯಿಗೆ ಎಂಬತ್ತಾರು ವರ್ಷ. ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಗಿದೆ. ಮಾತು ಇದೆ, ಆದರೆ ತಾನಾಗಿ ಮಗ್ಗುಲು ಬದಲಿಸಲಾರಳು. ಮೂರು ವರ್ಷ ಅವಳನ್ನು ನೋಡಿಕೊಂಡದ್ದು ಈ ಮೊಮ್ಮಗಳು. ನರ್ಸಿಂಗ್ ಓದಿಗಾಗಿ ಬ್ಯಾಂಕಿನಲ್ಲಿ ಮಾಡಿದ ಸಾಲ ತೀರಿಲ್ಲ, ಅವಳ ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ, ತಮ್ಮನಿಗೆ ಇನ್ನೂ ಓದು ಮುಗಿದಿಲ್ಲ. ಇಲ್ಲಿಯ ಸಂಬಳದಲ್ಲಿ ಬಡ್ಡಿಗೂ ಸಾಲದು. ಆದುದರಿಂದ ಅವಳು ಹೋಗಲೇಬೇಕಾಗಿತ್ತು. ಹೋಗಬಾರದೆಂದು ನಾನು ಒಂದು ದಿನವೂ ಹೇಳಲಿಲ್ಲ. ಆದರೆ ಬಿ2 ಪರೀಕ್ಷೆಯಲ್ಲಿ ಉತ್ತೀರ್ಣಳಾದ ಸುದ್ದಿ ಬಂದ ದಿನ, ಒಳಗಿನಿಂದ ಅಮ್ಮ ಕೇಳಿದಳು: “ಇನ್ನ್ ನನ್ನ ಯಾರ್ ಕಂಡ್ಕಂಬುದ್?” ಕರ್ತೃಪದವನ್ನು ಕೇಳುವ ಪ್ರಶ್ನೆ. ಸಿಹಿ ಹಂಚುತ್ತಿದ್ದವರೆಲ್ಲ ಒಂದು ಕ್ಷಣ ಸುಮ್ಮನಾದೆವು.

ಪರರ ದೇಶದ ಅಜ್ಜಿಯರನ್ನು ನೋಡಿಕೊಳ್ಳಲು ಸ್ವಂತ ಅಜ್ಜಿಯನ್ನು ಬಿಟ್ಟುಹೋಗುವುದು ಸರಿಯೇ ಎಂದು ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಒಳ್ಳೆಯ ಮನಸ್ಸಿನಿಂದ ಕೇಳಿದರು. ಆದರೆ ಆ ಪ್ರಶ್ನೆ ಯಾರನ್ನು ಕುರಿತದ್ದು ಎಂದು ನಾನು ಯೋಚಿಸಿದೆ. ಅಜ್ಜಿಗೆ ಇಬ್ಬರು ಗಂಡುಮಕ್ಕಳಿದ್ದು, ಉಳಿದ ಒಬ್ಬನು ನಾನು, ಎರಡು ವರ್ಷ ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತವನು. ನಮ್ಮ ಮನೆಗಳಲ್ಲಿ ‘ನೋಡಿಕೊಳ್ಳುತ್ತಾಳೆ’ ಎಂಬ ಕ್ರಿಯಾಪದಕ್ಕೆ ಸ್ತ್ರೀಲಿಂಗದ ಪ್ರತ್ಯಯ ಎಷ್ಟು ಸಹಜವಾಗಿ ಹತ್ತಿಕೊಳ್ಳುತ್ತದೆಂದರೆ, ಪುಲ್ಲಿಂಗವೂ ಅಲ್ಲಿ ಹೊಂದುತ್ತದೆಂದು ಯಾರಿಗೂ ಹೊಳೆಯುವುದಿಲ್ಲ. ನಿಮ್ಮ ಮನೆಯಲ್ಲಿಯೂ ಒಮ್ಮೆ ಕಿವಿಗೊಟ್ಟು ಕೇಳಿರಿ.

ಹೋಗುವ ಮೊದಲಿನ ಒಂದು ತಿಂಗಳು ಅವಳು ನನಗೆ ಪಾಠ ಹೇಳಿದಳು. ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ತಿರುಗಿಸಬೇಕು. ಇಲ್ಲವಾದರೆ ಎಲುಬು ಚರ್ಮವನ್ನು ಒತ್ತುವಲ್ಲಿ ರಕ್ತ ಹರಿಯದೆ ಹಾಸಿಗೆ ಹುಣ್ಣಾಗುತ್ತದೆ. ಮೈಯನ್ನು ಎಳೆಯಬಾರದು, ಸೊಂಟದ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯನ್ನು ಹಿಡಿದು ಹೊರಳಿಸಬೇಕು. ಬಿದ್ದುಹೋದ ಕೈಯನ್ನು ಮೊದಲು ಎತ್ತಿ ಎದೆಯ ಮೇಲೆ ಇಡಬೇಕು. ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೆ ಒಂದು. ಪೂರ್ತಿ ಪಕ್ಕಕ್ಕೆ ಅಲ್ಲ, ಸ್ವಲ್ಪ ಓರೆಯಾಗಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಇರಬೇಕು. ಪ್ರತಿ ಸಲವೂ ಚರ್ಮವನ್ನು ನೋಡಬೇಕು. ಕೆಂಪಾಗಿದ್ದರೆ ಅಲ್ಲಿ ತಿಕ್ಕಬಾರದು. ನನ್ನ ಕೈಗಳು ಸೀಮೆಸುಣ್ಣ ಹಿಡಿದ ಕೈಗಳು. ಮೊದಲ ವಾರ ನಡುಗುತ್ತಿದ್ದವು. ಅಮ್ಮ ಕಣ್ಣು ಮುಚ್ಚಿಕೊಂಡು ತಾಳಿಕೊಂಡಳು. ಮಗನ ಕೈಯಲ್ಲಿ ಹೀಗೆ ಮಾಡಿಸಿಕೊಳ್ಳುವುದು ಅವಳಿಗೆ ನಾಚಿಕೆಯ ವಿಷಯವಾಗಿತ್ತು. ಅದನ್ನು ದಾಟಲು ನಮ್ಮಿಬ್ಬರಿಗೂ ಎರಡು ವಾರ ಹಿಡಿಯಿತು.

ಆ ದಿನಗಳಲ್ಲಿ ಒಮ್ಮೆ ಅವಳನ್ನು ತಿರುಗಿಸುತ್ತಿರುವಾಗ ವೃತ್ ಧಾತುವಿನ ನೆನಪಾಯಿತು. ‘ಪರಿವರ್ತನ’ ಎಂಬ ಶಬ್ದಕ್ಕೆ ಮಗ್ಗುಲು ಬದಲಿಸುವುದು ಎಂಬ ಅರ್ಥವೂ ಇದೆ. ನೆರೆಯ ಹಿಂದೂ ಬಾಂಧವರು ಭಾದ್ರಪದದಲ್ಲಿ ಆಚರಿಸುವ ಪರಿವರ್ತಿನೀ ಏಕಾದಶಿ, ಮಲಗಿದ ವಿಷ್ಣು ಮಗ್ಗುಲು ತಿರುಗುವ ದಿನ. ವೆರ್ಡನ್ನಿನ ಮೂಲಾರ್ಥವನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಕ್ಕಿಂತ ಹೆಚ್ಚಾಗಿ ಆ ಬಟ್ಟೆಯ ತುದಿ ಹಿಡಿದಾಗ ತಿಳಿದೆ.

ಹೊರಡುವ ಹಿಂದಿನ ದಿನ ಅವಳು ಕಾಗದದ ದೊಡ್ಡ ಹಾಳೆಯ ಮೇಲೆ ಗೆರೆ ಹಾಕಿ ಪಟ್ಟಿಯೊಂದನ್ನು ಮಾಡಿ ಗೋಡೆಗೆ ಅಂಟಿಸಿದಳು. ದಿನಕ್ಕೆ ಹನ್ನೆರಡರಂತೆ ಏಳು ದಿನಕ್ಕೆ ಎಂಬತ್ತನಾಲ್ಕು ಚೌಕಗಳು. ಪ್ರತಿಯೊಂದರಲ್ಲೂ ಎಡ, ಬಲ ಅಥವಾ ಬೆನ್ನು ಎಂದು ಬರೆದು, ಅದರ ಕೆಳಗೆ ಒಂದು ಹೆಸರು. ರಾತ್ರಿ ಹನ್ನೆರಡು, ಎರಡು, ನಾಲ್ಕು ಗಂಟೆಯ ಚೌಕಗಳಲ್ಲಿ ‘ದೊಡ್ಡಪ್ಪ’. ರಾತ್ರಿ ಹತ್ತಕ್ಕೂ ಬೆಳಿಗ್ಗೆ ಆರಕ್ಕೂ ‘ಅಮ್ಮ’. ಹಗಲಿನವುಗಳಲ್ಲಿ ಹೆಚ್ಚಿನವು ನನ್ನ ಮನೆಯಾಕೆಯ ಪಾಲಿಗೆ, ಉಳಿದವು ನನ್ನವು. ಶಾಲೆಯ ವೇಳಾಪಟ್ಟಿಗಳನ್ನು ನಾನು ಬಹಳ ಬರೆದಿದ್ದೇನೆ. ಇಷ್ಟು ಚೊಕ್ಕಟವಾದದ್ದನ್ನು ಬರೆದಿಲ್ಲ. ಭಾನುವಾರ ಹತ್ತು ಗಂಟೆಯ ಚೌಕದಲ್ಲಿ ಮಾತ್ರ ಹೆಸರಿರಲಿಲ್ಲ. “ನೀವು ಮೂವರೂ ಒಟ್ಟಿಗೆ ಆರಾಧನೆಗೆ ಹೋಗುವ ಹೊತ್ತು ಅದು, ದೊಡ್ಡಪ್ಪ. ಅಲ್ಲಿ ಯಾರ ಹೆಸರು ಬರೆಯಲಿ?” ಎಂದಳು. ಬರೆಯಲಿಲ್ಲ.

ಅವಳು ಹೋಗಿ ಮೂರು ತಿಂಗಳಾಯಿತು. ಅಲ್ಲಿ ಅರ್ಹತೆಯ ಮಾನ್ಯತೆಗಾಗಿ ಇನ್ನೂ ಕಲಿಕೆ ನಡೆದಿದೆ. ವಾರಕ್ಕೆರಡು ಸಲ ಫೋನಿನಲ್ಲಿ ಮುಖ ತೋರಿಸುತ್ತಾಳೆ. ಅಜ್ಜಿಯ ಹಿಮ್ಮಡಿಯನ್ನು ಫೋನಿನೆದುರು ಹಿಡಿಯಲು ಹೇಳಿ ಪರೀಕ್ಷಿಸುತ್ತಾಳೆ. ಹುಣ್ಣಾಗಿಲ್ಲ. ಅಲ್ಲಿಯ ಮುದುಕಿಯೊಬ್ಬರು ಇವಳ ಕೈ ಹಿಡಿದು ಬಿಡುವುದೇ ಇಲ್ಲವಂತೆ. ಜರ್ಮನರು ದಿನದ ಮಾತಿನಲ್ಲಿ ಭವಿಷ್ಯತ್ತಿಗಾಗಿ ವೆರ್ಡನ್ ಬಳಸುವುದೇ ಅಪರೂಪ ಎಂದು ಮೊನ್ನೆ ವರದಿ ಕೊಟ್ಟಳು. ‘ನಾಳೆ ಬರುತ್ತೇನೆ’ ಎಂಬುದನ್ನು ಅವರೂ ವರ್ತಮಾನದಲ್ಲಿಯೇ ಹೇಳುತ್ತಾರಂತೆ, ನಮ್ಮ ಹಾಗೆ. ಅಷ್ಟು ಬಾಯಿಪಾಠ ಮಾಡಿದ್ದು ವ್ಯರ್ಥವಾಯಿತೆಂದು ನಕ್ಕಳು.

ಆ ಖಾಲಿ ಚೌಕದ ವಿಷಯ ಹೇಳಬೇಕು. ಅವಳು ಹೋದ ಮೊದಲ ಭಾನುವಾರಕ್ಕೆ ಮುಂಚೆ, ಶನಿವಾರ ಸಂಜೆ, ಪಕ್ಕದ ಮನೆಯ ಅಕ್ಕ ನಮ್ಮ ಬಾವಿಕಟ್ಟೆಯ ಕಡೆಯಿಂದ ಬಂದವರು ಗೋಡೆಯ ಮೇಲಿನ ಹಾಳೆಯನ್ನು ನೋಡುತ್ತಾ ನಿಂತರು. ನಮ್ಮ ಸಭೆಯವರಲ್ಲ. ಓದು ಬರಹ ಹೆಚ್ಚಿಲ್ಲ. ಆದರೆ ಒಂದು ಚೌಕ ಖಾಲಿ ಇರುವುದು ಕಾಣಲು ಓದು ಬೇಕಾಗಿಲ್ಲ. ಅದು ಯಾವ ಹೊತ್ತು ಎಂದು ಕೇಳಿದರು. ಹೇಳಿದೆ. “ನಾನ್ ಬತ್ತೆ” ಎಂದರು.

ಬಂದರು. ಬಟ್ಟೆಯ ತುದಿ ಹೇಗೆ ಹಿಡಿಯಬೇಕೆಂದು ನಾನು ತೋರಿಸಿಕೊಟ್ಟೆ. ಆಮೇಲೆ ನಾವು ಮೂವರೂ ಚಪ್ಪಲಿ ಮೆಟ್ಟಿ ಹೊರಟೆವು.